ಸರ್ವರ್ ಇಲ್ಲ ಅಂದರೆ ಯಾರನ್ನು ಕೇಳೋದು

ನಮ್ಮ ಕೇರಿಯ ಹೆಂಗಸರಿಗೆ ಇಂಗ್ಲಿಷ್ ಬರೋದಿಲ್ಲ ಅಂತ ಇನ್ನು ಯಾರೂ ಹೇಳಬಾರದು. ಒಂದು ಪದ ಎಲ್ಲರಿಗೂ ಬರ್ತದೆ. ಸರ್ವರ್. ರೇಷನ್ ತರಲು ಸೊಸೈಟಿಗೆ ಹೋದವರು ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬರುವಾಗ, ಎದುರು ಸಿಕ್ಕವರು ಕೇಳುವ ಮೊದಲೇ ತಾವೇ ಹೇಳ್ತಾರೆ: 'ಸರ್ವರ್ ಇಲ್ಲಂತೆ.' ಕೇಳಿದವರು ತಲೆ ಆಡಿಸುತ್ತಾರೆ. ಮಳೆ ಇಲ್ಲ, ಕರೆಂಟ್ ಇಲ್ಲ ಅಂದ ಹಾಗೆ. ಅಲ್ಲಿಗೆ ಮಾತು ಮುಗೀತು. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ.

ಈ ಸಿಟ್ಟು ಎಲ್ಲಿ ಹೋಯಿತು ಅನ್ನೋದೇ ಕೆಲವು ದಿನಗಳಿಂದ ನಮ್ಮನ್ನು ಕಾಡುತ್ತಿದೆ.

ಹಿಂದೆ ಸೊಸೈಟಿಯವನು 'ಅಕ್ಕಿ ಬಂದಿಲ್ಲ, ಹೋಗು' ಅಂದರೆ ನಮ್ಮ ದೊಡ್ಡವ್ವಂದಿರು ಅವನ ಏಳು ತಲೆಮಾರನ್ನೂ ಅಂಗಡಿ ಮುಂದೆಯೇ ಒಗೆದು ಹಿಂಡಿ ಹಾಕುತ್ತಿದ್ದರಂತೆ. ಅಕ್ಕಿ ಬಂದಿತ್ತು, ಯಾವ ರಾತ್ರಿ ಯಾರ ಗಾಡಿ ಹತ್ತಿ ಹೋಯಿತು ಅನ್ನೋದು ಅವರಿಗೆ ಗೊತ್ತಿತ್ತು. ಸುಳ್ಳು ಹೇಳುವ ಬಾಯಿ ಎದುರಿಗೇ ಇತ್ತು. ಈಗ ಸೊಸೈಟಿಯವನೂ ಆ ಸಣ್ಣ ಮಿಷನ್ನನ್ನು ಎತ್ತಿ ಹಿಡಿದುಕೊಂಡು ಅಂಗಡಿಯ ಮೆಟ್ಟಿಲಿಗೆ ಬಂದು ಸಿಗ್ನಲ್ ಹುಡುಕುತ್ತಾನೆ. ಅವನ ಮುಖ ನೋಡಿದರೆ ಅವನೂ ಪಾಪ ಅನ್ನಿಸುತ್ತದೆ. ಕೊಡದೆ ಇದ್ದವನೂ ಸಿಗದೆ ಇದ್ದವಳೂ ಒಟ್ಟಿಗೆ ಆಕಾಶ ನೋಡುತ್ತ ನಿಂತಿರುತ್ತಾರೆ. ಹಾಗಾದರೆ ಇಲ್ಲ ಅಂದವರು ಯಾರು? ಹೇಳಿದವರೇ ಇಲ್ಲದ 'ಇಲ್ಲ'ಕ್ಕೆ ಹೊಣೆ ಯಾರದು? ಇದನ್ನು ತಂತ್ರಜ್ಞಾನದ ಪ್ರಶ್ನೆ ಅಂತ ಎಂಜಿನಿಯರುಗಳಿಗೆ ಬಿಟ್ಟುಕೊಡಲು ನಾವು ತಯಾರಿಲ್ಲ. ಇದು ನೀತಿಯ ಪ್ರಶ್ನೆ.

ನಾವು ಸಂತೇಬೆನ್ನೂರಿನ ಸುತ್ತಿನ ಹಳ್ಳಿಯವರು. ಊರ ಹೆಸರು ಬೇಡ, ಎಲ್ಲ ಊರಿಗೂ ಒಂದು ಕೇರಿ ಇದೆ. ಭದ್ರಾ ನಾಲೆ, ಬೋರ್‌ವೆಲ್ಲುಗಳ ನೀರಿನಲ್ಲಿ ಚನ್ನಗಿರಿ ಸೀಮೆ ಅಡಿಕೆಯ ಸೀಮೆ ಆಯಿತು. ತೋಟ ಅವರದು, ಸುಲಿಯುವ ಕೈ ನಮ್ಮದು. ಹಸಿ ಅಡಿಕೆ ಸುಲಿದವರಿಗೆ ಗೊತ್ತು, ಚೊಗರು ಬೆರಳ ಸಂದಿಗಿಳಿದು ಕಪ್ಪಾಗಿ ಕೂತರೆ ಬೂದಿ ಹಾಕಿ ಉಜ್ಜಿದರೂ ಹೋಗದು. ಅದರ ಮೇಲೆ ಕತ್ತಿಯ ಗೀರುಗಳು. ಅಂಥ ಹೆಬ್ಬೆರಳನ್ನು ಮಿಷನ್ ಮೇಲೆ ಒತ್ತಿದರೆ ಅದು ಗುರುತು ಹಿಡಿಯೋದಿಲ್ಲ. ಒರೆಸಿ ಇಡು ಅಂತಾರೆ. ಒರೆಸಿ ಇಡ್ತಾಳೆ. ಇನ್ನೊಂದು ಬೆರಳು ಅಂತಾರೆ. ಹತ್ತೂ ಬೆರಳಾದ ಮೇಲೆ ನಾಳೆ ಬಾ ಅಂತಾರೆ. ಈಗ ಖೇಣಿದಾರರ ಕಣದಲ್ಲಿ ಸುಲಿಯುವ ಯಂತ್ರಗಳೇ ಬಂದು ಕೂತಿವೆ. ಬೆರಳಿನ ಗೆರೆ ಅಡಿಕೆಗೆ ಹೋಯಿತು, ಅಡಿಕೆಯ ಕೂಲಿ ಯಂತ್ರಕ್ಕೆ ಹೋಯಿತು.

ಯಂತ್ರಕ್ಕೆ ಜಾತಿ ಇಲ್ಲ ಅಂತಾರೆ. ಒಪ್ಪೋಣ. ಆದರೆ ಬೆರಳು ಅಂದರೆ ಹೀಗಿರಬೇಕು ಅಂತ ಆ ಯಂತ್ರಕ್ಕೆ ಕಲಿಸಿದವರು ಯಾರ ಬೆರಳು ನೋಡಿ ಕಲಿಸಿದರು? ಮಣ್ಣು ಹೊತ್ತು, ಕಲ್ಲು ಒಡೆದು, ಪಾತ್ರೆ ತಿಕ್ಕಿದ ಬೆರಳನ್ನು ನೋಡಿ ಕಲಿಸಿದ್ದರೆ ಅದು ಇಷ್ಟು ಮುಜುಗರ ಪಡುತ್ತಿರಲಿಲ್ಲ.

ಹೆಬ್ಬೆಟ್ಟು ಎಂಬ ಪದದ ಮೇಲೆ ನಮಗೆ ಹಳೆಯ ಲೆಕ್ಕ ಬಾಕಿ ಇದೆ. ನಮ್ಮಪ್ಪಂದಿರನ್ನು ಊರಿನವರು ಹೆಬ್ಬೆಟ್ಟು ಅಂತಲೇ ಕರೆಯುತ್ತಿದ್ದರು. ಸಾಲದ ಪತ್ರಕ್ಕೆ, ಮಾರಿದ ಅರ್ಧ ಎಕರೆಯ ಕಾಗದಕ್ಕೆ ಅವರು ಒತ್ತಿದ ಮಸಿಯ ಗುರುತುಗಳು ಇನ್ನೂ ಯಾವಯಾವ ಪೆಟ್ಟಿಗೆಯಲ್ಲಿ ಇವೆಯೋ. ನಮ್ಮನ್ನು ಶಾಲೆಗೆ ಕಳಿಸಿದ್ದೇ ನೀವಾದರೂ ಸಹಿ ಹಾಕ್ರಪ್ಪ ಅಂತ. ನಾವು ಬಿ.ಎ. ಮಾಡಿದೆವು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಹಿ ಕಲಿತೆವು. ಕಲಿತು ಬಂದು ನೋಡಿದರೆ ಸರ್ಕಾರ ಸಹಿಯನ್ನೇ ನಂಬದೆ ಎಲ್ಲರೂ ಹೆಬ್ಬೆಟ್ಟು ಒತ್ತಿ ಅನ್ನುತ್ತಿದೆ. (ಹೆಬ್ಬೆರಳು ಅಂದ ಕೂಡಲೇ ಏಕಲವ್ಯನನ್ನು ಕರೆಯೋದು ನಮ್ಮ ಕವಿಗಳ ಚಟ. ನಮಗೂ ಆ ಚಟ ಉಂಟು. ಈ ಸಲ ಅವನನ್ನು ಕಾಡಿನಲ್ಲೇ ಬಿಡೋಣ.)

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳದೆ ಹೋದರೆ ಅದು ಮೋಸ. ಯಂತ್ರದಿಂದ ನಮಗೆ ಸುಖವೂ ಸಿಕ್ಕಿದೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾಗಿ ನಮ್ಮವ್ವನ ಖಾತೆಗೆ ಮೊದಲ 2000 ರೂಪಾಯಿ ಬಿದ್ದಾಗ ಆಕೆ ಯಾರ ಅಂಗಳದಲ್ಲೂ ನಿಂತಿರಲಿಲ್ಲ, ಯಾರ ಮುಂದೆಯೂ ಸೆರಗು ಒಡ್ಡಿರಲಿಲ್ಲ. ನಡುವೆ ಪಟೇಲನಿಲ್ಲ, ಮೆಂಬರಿಲ್ಲ, ಮೇಲಿಂದ ಕೈಗೆ ಹಾಕುವವರಿಲ್ಲ. ಹಾಗೇ ಇನ್ನೊಂದು. ಫೋನಿನೊಳಗೆ ಒಂದು ಹೆಂಗಸಿನ ದನಿ ಬರ್ತದಲ್ಲ, 'ದಯವಿಟ್ಟು ನಿರೀಕ್ಷಿಸಿ' ಅಂತ. ನಮ್ಮವ್ವನಿಗೆ ಅರವತ್ತು ವರ್ಷ. ಅರವತ್ತು ವರ್ಷದಲ್ಲಿ ಊರಿನ ಒಬ್ಬ ಮನುಷ್ಯ ಆಕೆಯನ್ನು ಬಹುವಚನದಲ್ಲಿ ಮಾತಾಡಿಸಿಲ್ಲ. ಹತ್ತು ವರ್ಷದ ಗೌಡರ ಮಗನೂ 'ಬಾರೇ' ಅಂತಲೇ ಕರೆದದ್ದು. ನಮ್ಮವ್ವನಿಗೆ ದಯವಿಟ್ಟು ಅಂದ ಮೊದಲ ಗಂಟಲು ಆ ಯಂತ್ರದ್ದು. ಆ ದನಿ ಕೇಳಲಿಕ್ಕೇ ಆಕೆ ಒಮ್ಮೊಮ್ಮೆ ಫೋನ್ ಇಡದೆ ಹಿಡಿದುಕೊಂಡಿರುತ್ತಾಳೆ. ಇದನ್ನು ನೋಡಿ ನಗುವವರು ನಗಲಿ, ನಮಗೆ ನಗು ಬರೋದಿಲ್ಲ. ಆದರೂ, ಬಹುವಚನದಲ್ಲಿ ಹೇಳಿದರೂ ಇಲ್ಲ ಅನ್ನೋದು ಇಲ್ಲವೇ.

ಆದ್ದರಿಂದ ಚರಕ ಹಿಡಿದು ಯಂತ್ರ ಬೇಡ ಅನ್ನುವ ಸಾಲಿನಲ್ಲಿ ನಮ್ಮನ್ನು ಯಾರೂ ನಿಲ್ಲಿಸಬಾರದು. ಬಾಬಾಸಾಹೇಬರು 1945ರಲ್ಲಿ ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದರು ಎಂದು ಕೇಳಿ ಬರೆದ ಪುಸ್ತಕದಲ್ಲಿ ಈ ವಿಚಾರವನ್ನು ಎತ್ತಿದ್ದಾರೆ. ಯಂತ್ರವನ್ನು ಬೈಯುವ ಗಾಂಧಿವಾದವನ್ನು ಅವರು ಒಪ್ಪಲಿಲ್ಲ. ದುಡಿಯುವವನಿಗೆ ಬಿಡುವು ಬೇಕು, ಬಿಡುವು ಇದ್ದರೆ ತಾನೇ ಓದು, ವಿಚಾರ. ಆ ಬಿಡುವನ್ನು ಕೊಡಬಲ್ಲದ್ದು ಯಂತ್ರ. ತಪ್ಪು ಇದ್ದರೆ ಅದು ಯಂತ್ರ ಯಾರ ಕೈಯಲ್ಲಿದೆ ಅನ್ನೋದರಲ್ಲಿದೆ ಎಂಬುದು ಅವರ ವಾದ. ಅದೇ ಅಳತೆಗೋಲಿನಲ್ಲಿ ಇವತ್ತಿನ ಯಂತ್ರಗಳನ್ನು ಅಳೆಯೋಣ. ನಮ್ಮ ಕೇರಿಗೆ ಯಾವುದು ಬಿಡುವು ತಂದಿತು?

ಮಲದ ಗುಂಡಿಗೆ ಮನುಷ್ಯನನ್ನು ಇಳಿಸಬಾರದು ಎಂದು 1993ರಲ್ಲೊಂದು, 2013ರಲ್ಲೊಂದು ಕಾಯ್ದೆ ಬಂತು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗುಂಡಿಯಲ್ಲಿ ಸತ್ತವರ ಮನೆಯವರಿಗೆ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತು ಅಂದರೆ ಜನ ಇಳಿಯುತ್ತಲೇ ಇದ್ದಾರೆ, ಸಾಯುತ್ತಲೇ ಇದ್ದಾರೆ ಅಂತಲೇ ಅರ್ಥ. ಅದೇ ವರ್ಷದ ಆಗಸ್ಟಿನಲ್ಲಿ ಚಂದ್ರನ ಮೇಲೆ ಇಳಿದ ಸಂಭ್ರಮದಲ್ಲಿ ನಾವೂ ಪಟಾಕಿ ಹೊಡೆದಿದ್ದೆವು, ಸುಳ್ಳು ಯಾಕೆ. ಗುಂಡಿಗೆ ಇಳಿಯುವ ಯಂತ್ರವೂ ಈ ದೇಶದಲ್ಲೇ ತಯಾರಾಗಿದೆ. ಅದು ನಮ್ಮ ತಾಲ್ಲೂಕಿನ ಕೇರಿಗೆ ಬರುವ ಮೊದಲು ನಮ್ಮ ಕೂಲಿಯವರು ಕೆಲಸಕ್ಕೆ ಬಂದರೋ ಇಲ್ಲವೋ ಎಂದು ಕಾಯುವ ಯಂತ್ರ ಬಂದುಬಿಟ್ಟಿತು. ಯಾವುದು ಮೊದಲು ಬಂತು ಅನ್ನೋದರಲ್ಲೇ ರಾಜಕೀಯ ಇದೆ.

ಆ ಕಾಯುವ ಯಂತ್ರದ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಸಂತೇಬೆನ್ನೂರಿಗೆ ಬಂದವರೆಲ್ಲ ಪುಷ್ಕರಣಿ ನೋಡಿ ಹೋಗುತ್ತಾರೆ. 16ನೇ ಶತಮಾನದಲ್ಲಿ ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ನೀರಿನ ನಡುವೆ ಮಂಟಪ, ಸುತ್ತ ಮೆಟ್ಟಿಲು, ದಂಡೆಯಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಭಾನುವಾರ ಬಂದರೆ ಫೋನ್ ಹಿಡಿದವರದ್ದೇ ಜಾತ್ರೆ. ಕಟ್ಟಿಸಿದ ನಾಯಕನ ಹೆಸರು ಪುಸ್ತಕದಲ್ಲಿದೆ. ಅಷ್ಟು ಮಣ್ಣು ಅಗೆದು ತಲೆ ಮೇಲೆ ಹೊತ್ತು ಹಾಕಿದವರ ಹಾಜರಿ ಯಾರೂ ಬರೆದಿಡಲಿಲ್ಲ. ಅವರಿಗೆ ಕೂಲಿ ಕೊಟ್ಟರೋ ಬಿಟ್ಟರೋ, ಎಷ್ಟು ಜನ ಸತ್ತರೋ, ಲೆಕ್ಕವಿಲ್ಲ.

ಈಗ ಲೆಕ್ಕ ಇಡ್ತಾರೆ. 2005ರ ಕಾಯ್ದೆಯಲ್ಲಿ ಉದ್ಯೋಗ ಖಾತ್ರಿ ಬಂದ ಮೇಲೆ ಕೆರೆ ಹೂಳು, ಬದು, ಕಾಲುವೆ ಅಂತ ನಮ್ಮ ಹೆಂಗಸರು ಮಣ್ಣು ಹೊತ್ತರು. ಹಾಜರಿ ಕಾಗದದ ಮೇಲಿತ್ತು. ಅದರಲ್ಲಿ ಕಳ್ಳತನವೂ ಇತ್ತು, ನಾವು ಅದನ್ನು ಮುಚ್ಚಿಡೋದಿಲ್ಲ. ಸತ್ತವರೂ ಕೂಲಿ ಮಾಡಿದ್ದಾರೆ, ಜೆಸಿಬಿ ಮಾಡಿದ ಕೆಲಸಕ್ಕೆ ಮನುಷ್ಯರ ಹೆಸರು ಬಿದ್ದಿದೆ. ಕಳ್ಳತನ ತಡೆಯಲು 2021ರಲ್ಲಿ ಎನ್‌ಎಂಎಂಎಸ್ ಎಂಬ ಆ್ಯಪ್ ತಂದರು. 2023ರ ಜನವರಿ 1ರಿಂದ ಎಲ್ಲ ಕೆಲಸದ ಜಾಗಕ್ಕೂ ಕಡ್ಡಾಯ. ಬೆಳಗ್ಗೆ ಒಂದು ಫೋಟೋ, ಕೆಲವು ತಾಸು ಬಿಟ್ಟು ಇನ್ನೊಂದು ಫೋಟೋ. ಫೋಟೋ ತೆಗೆಯುವ ಮೇಸ್ತ್ರಿಗೆ ನಮ್ಮ ರಾಜ್ಯದಲ್ಲಿ 'ಕಾಯಕ ಬಂಧು' ಅಂತ ಹೆಸರಿಟ್ಟಿದ್ದಾರೆ. ಶರಣರ ಪದ. ಕಾಯಕ ಮುಗಿದರೂ ಬಂಧು ಎರಡನೇ ಫೋಟೋ ತೆಗೆಯುವ ತನಕ ಬಿಸಿಲಲ್ಲೇ ಕಾಯಬೇಕು. ಮನೆಯಲ್ಲಿ ಮಗು ಇದ್ದವಳೂ ಕಾಯಬೇಕು. ಸಿಗ್ನಲ್ ಇಲ್ಲದೆ ಫೋಟೋ ಹೋಗದಿದ್ದರೆ, ಹೊತ್ತ ಮಣ್ಣು ಕಣ್ಣೆದುರು ಗುಡ್ಡೆ ಬಿದ್ದಿದ್ದರೂ, ಆ ದಿನ ಆಕೆ ಬಂದೇ ಇಲ್ಲ. 2025-26ರಲ್ಲಿ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ಆ 370ನ್ನು ತಿಂದವನು ಯಾರು? ಹೆಸರು ಹೇಳಿ, ಹೋಗಿ ಕೇಳ್ತೀವಿ. ಹೆಸರಿಲ್ಲ. ಅಪ್‌ಲೋಡ್ ಆಗಲಿಲ್ಲ, ಅಷ್ಟೇ.

ಕಳ್ಳತನವಾದರೂ ನಿಂತಿತೇ ಅಂದರೆ, 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯೇ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಕೆಲಸಕ್ಕೆ ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ ಅಂತ. ಕಳ್ಳ ಆ್ಯಪ್ ಕಲಿತ. ಬಿಸಿಲಲ್ಲಿ ನಿಂತವಳು ನಿಂತೇ ಇದ್ದಳು. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಖಾತ್ರಿ ಕಾಯ್ದೆಯ ಜಾಗಕ್ಕೆ ಬೇರೆಯೇ ಕಾಯ್ದೆ ತಂದಿತು. ಗಾಂಧಿ ಹೆಸರು ಹೋಯಿತು, 100 ದಿನ 125 ದಿನ ಆಯಿತು, ರಾಜ್ಯಗಳ ತಲೆ ಮೇಲೆ ಖರ್ಚಿನ ಪಾಲು ಬಿತ್ತು. ಬಯೋಮೆಟ್ರಿಕ್ಕು, ಕೃತಕ ಬುದ್ಧಿಮತ್ತೆ ಕಾಯ್ದೆಯ ಅಕ್ಷರದೊಳಗೇ ಬಂದು ಕೂತವು. ವಿರೋಧಿಸಿದವರು ಹೆಸರಿನ ಬಗ್ಗೆ ಗಂಟಲು ಹರಿದುಕೊಂಡಷ್ಟು ಆ ಫೋಟೋದ ಬಗ್ಗೆ ಹರಿದುಕೊಳ್ಳಲಿಲ್ಲ.

ನಮ್ಮ ತಾತಂದಿರಿಗೆ ನೆರಳು ಕೂಡ ಬೀಳಿಸಬೇಡ ಅಂದರು. ನಮಗೆ ಮುಖ ತೋರಿಸು, ದಿನಕ್ಕೆ ಎರಡು ಸಲ ತೋರಿಸು ಅನ್ನುತ್ತಾರೆ. ಎರಡೂ ಅಪ್ಪಣೆಗಳು ಒಂದೇ ಕಡೆಯಿಂದ ಬಂದವು ಅಂತ ನಾವು ವಾದ ಮಾಡುವುದಿಲ್ಲ. ಅಷ್ಟು ಸುಲಭದ ವಾದ ಬೇಡ. ಆದರೆ ಎರಡೂ ಸಲ ನಮ್ಮನ್ನು ಕೇಳಿರಲಿಲ್ಲ.

ಇದರಲ್ಲಿ ಬರೀ ದಿನಗೂಲಿ ಹೋಗುತ್ತದೆ ಅಂದುಕೊಳ್ಳಬೇಡಿ. 2017ರ ಜುಲೈ ತಿಂಗಳಲ್ಲಿ ಗೋಕರ್ಣದ ಹತ್ತಿರ ಒಂದೇ ದಲಿತ ಮನೆಯ ಮೂವರು ಅಣ್ಣತಮ್ಮಂದಿರು ಎರಡು ವಾರದೊಳಗೆ ತೀರಿಕೊಂಡರು. ಆಧಾರ್ ಜೋಡಣೆಯಾಗಿಲ್ಲ ಎಂದು ಆ ಮನೆಗೆ ತಿಂಗಳುಗಟ್ಟಲೆ ರೇಷನ್ ಸಿಕ್ಕಿರಲಿಲ್ಲ ಎಂದು ಪಿಯುಸಿಎಲ್ ತಂಡ ಹೋಗಿ ನೋಡಿ ಹೇಳಿತು. ಹಸಿವಿನಿಂದ ಸತ್ತದ್ದಲ್ಲ, ಕುಡಿತದಿಂದ ಎಂದು ಆಡಳಿತದವರು ಹೇಳಿದರು. ಮರುವರ್ಷ, 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಸರ್ಕಾರದ ಸವಲತ್ತಿಗೆ ಆಧಾರ್ ಕೇಳಬಹುದು ಎಂದರು. ಬೆರಳು ಹೊಂದಲಿಲ್ಲವೆಂದು ಯಾರಿಗೂ ಸವಲತ್ತು ತಪ್ಪಬಾರದು ಎಂಬ ಮಾತೂ ಆ ತೀರ್ಪಿನಲ್ಲಿದೆ. ಸೊಸೈಟಿಯ ಬಾಗಿಲಿಗೆ ಮಿಷನ್ ಬಂತು, ಆ ಮಾತು ಬರಲಿಲ್ಲ. ಭಿನ್ನಮತ ಬರೆದವರು ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರೇ. ಮನುಷ್ಯನ ಘನತೆಯನ್ನು ಯಂತ್ರದ ಲೆಕ್ಕಾಚಾರಕ್ಕೆ ಒತ್ತೆ ಇಡಬಾರದು ಎಂಬ ಅರ್ಥದ ಮಾತು ಅದರಲ್ಲಿದೆ. ಒಬ್ಬರ ಮಾತು ಕಾನೂನಾಗುವುದಿಲ್ಲ.

ಇದಕ್ಕೆ ಪಕ್ಷಗಳು ಏನು ಹೇಳುತ್ತವೆ? ಅವೂ ಅದೇ ಪದವನ್ನು ಕಲಿತಿವೆ. 2023ರ ಜೂನ್‌ನಲ್ಲಿ ಗೃಹಜ್ಯೋತಿಗೆ ಅರ್ಜಿ ಶುರುವಾದಾಗ ಸೇವಾಸಿಂಧು ನಿಂತು ನಿಂತು ಹೋಯಿತು. ರಾಜ್ಯದ ಒಬ್ಬ ಸಚಿವರು, ಕೇಂದ್ರದವರೇ ಸರ್ವರ್ ಹ್ಯಾಕ್ ಮಾಡಿದ್ದಾರೆ ಅಂದರು. ಕೇಂದ್ರದ ಪಕ್ಷದವರು ನಿಮಗೆ ಯೋಗ್ಯತೆ ಇಲ್ಲ ಅಂದರು. ಸೊಸೈಟಿ ಮೆಟ್ಟಿಲ ಮೇಲಿನ ನಾಟಕವೇ ವಿಧಾನಸೌಧದ ಮೆಟ್ಟಿಲ ಮೇಲೂ ನಡೆಯಿತು, ಇಬ್ಬರೂ ಆಕಾಶ ತೋರಿಸಿದರು. ಇನ್ನು ಆಳಂದದ ವಿಷಯ. 2023ರ ಚುನಾವಣೆಗೆ ಮೊದಲು ಆ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು 24. ಉಳಿದ 5994 ಅರ್ಜಿ ಯಾರ ಬೆರಳು ಒತ್ತಿತು? ಅರ್ಜಿ ಯಾರ ಹೆಸರಿನಲ್ಲಿತ್ತೋ ಅವರಿಗೇ ಗೊತ್ತಿಲ್ಲದ ಅರ್ಜಿಗಳು ಅದರಲ್ಲಿದ್ದವು. ಮನೆಮನೆಗೆ ಹೋಗಿ ವಿಚಾರಿಸಿದ್ದಕ್ಕೆ ಹೆಸರುಗಳು ಉಳಿದವು. ಕಾಲಲ್ಲಿ ನಡೆದು, ಬಾಗಿಲು ಬಡಿದು, ಇದ್ದೀರಾ ಅಂತ ಕೇಳಿದ್ದಕ್ಕೆ.

ಇದಕ್ಕೆ ಎದುರಾದ ಒಂದು ಉದಾಹರಣೆಯನ್ನೂ ಇಡಬೇಕು. 2025ರ ಮೇ ತಿಂಗಳಲ್ಲಿ ನಾಗಮೋಹನ್ ದಾಸ್ ಆಯೋಗದ ಪರವಾಗಿ ಮೇಷ್ಟ್ರೊಬ್ಬರು ಫೋನ್ ಹಿಡಿದುಕೊಂಡು ನಮ್ಮ ಕೇರಿಗೂ ಬಂದರು. ಪರಿಶಿಷ್ಟ ಜಾತಿಗಳು 101. ಆದಿ ಕರ್ನಾಟಕ, ಆದಿ ದ್ರಾವಿಡ ಅಂತ ಬರೆಸಿಕೊಂಡವರೊಳಗೆ ಹೊಲೆಯರು ಯಾರು, ಮಾದಿಗರು ಯಾರು ಅಂತ ಬಿಡಿಸಬೇಕಿತ್ತು. ಪಟ್ಟಿಯನ್ನು ಮೇಲೆ ಕೆಳಗೆ ಜಾರಿಸುತ್ತ ಮೇಷ್ಟ್ರು ತಗ್ಗಿದ ದನಿಯಲ್ಲಿ ಕೇಳಿದರು. ನಮ್ಮ ಚಿಕ್ಕಪ್ಪ ಬೀದಿಗೆಲ್ಲ ಕೇಳುವಂತೆ ಹೇಳಿದ. ಬೈಗುಳವಾಗಿ ಕೇಳಿದ್ದ ಹೆಸರನ್ನು ತಾನೇ ಎದೆಯೆತ್ತಿ ಹೇಳಿದ. ಆ ಫೋನ್ ಆಗ ನಮಗೆ ಶತ್ರುವಾಗಿ ಕಾಣಲಿಲ್ಲ. ಮೂರೇ ತಿಂಗಳಲ್ಲಿ, ಆಗಸ್ಟ್ 4ಕ್ಕೆ ವರದಿ ಸರ್ಕಾರದ ಕೈ ಸೇರಿತು. ಅದಕ್ಕೆ ಹಿಂದಿನ ಸದಾಶಿವ ಆಯೋಗ 2005ರಲ್ಲಿ ನೇಮಕವಾಗಿ 2012ರಲ್ಲಿ ವರದಿ ಕೊಟ್ಟಿತ್ತು. ಕೊಟ್ಟ ವರದಿ ಒಂದಾದ ಮೇಲೊಂದು ಸರ್ಕಾರದ ಕಪಾಟಿನಲ್ಲಿ ಮಲಗಿತ್ತು. ಅಷ್ಟೂ ವರ್ಷ ಯಾವ ಸರ್ವರ್ ಕೆಟ್ಟಿತ್ತು? ಬೇಕು ಅನ್ನಿಸಿದ ದಿನ ಗುಡ್ಡದ ಮೇಲಿನ ಮನೆಗೂ ಸಿಗ್ನಲ್ ಸಿಗುತ್ತದೆ. ಬೇಡ ಅನ್ನಿಸಿದ ದಿನ ಪೇಟೆಯ ನಡುವೆಯೂ ಸಿಗುವುದಿಲ್ಲ.

ಬಿ. ಕೃಷ್ಣಪ್ಪನವರು ಹುಟ್ಟಿದ ಹರಿಹರ ನಮಗೆ ದೂರವೇನಲ್ಲ. ಅವರ ಕಾಲದವರು ನಮಗೆ ಬಿಟ್ಟುಹೋದ ವಿದ್ಯೆ ಅಂದರೆ ಕೂರುವುದು. ತಾಲ್ಲೂಕು ಕಚೇರಿ ಮುಂದೆ ತಮಟೆ ಇಟ್ಟುಕೊಂಡು ಕೂರುವುದು, ತಹಶೀಲ್ದಾರ ಹೊರಗೆ ಬಂದು ಬಾಯಿಬಿಡುವ ತನಕ ಏಳದೆ ಇರುವುದು. ಆ ವಿದ್ಯೆಗೆ ಎದುರಿಗೊಬ್ಬ ಮನುಷ್ಯ ಬೇಕು. ಈಗ ತಹಶೀಲ್ದಾರ ಹೊರಗೆ ಬಂದು, ನನ್ನ ಲಾಗಿನ್‌ನಲ್ಲಿ ಆಪ್ಷನ್ ಇಲ್ಲಪ್ಪ ಅಂತಾನೆ. ಬೆಂಗಳೂರಿಗೆ ಹೋಗಿ ಅಂತಾನೆ. ಬೆಂಗಳೂರಿನವರು ದೆಹಲಿ ಅಂತಾರೆ. ದೆಹಲಿಯವರು ವೆಂಡರ್ ಅಂತಾರೆ. ತಮಟೆ ಯಾವ ದಿಕ್ಕಿಗೆ ತಿರುಗಿಸಿ ಬಾರಿಸೋಣ ಹೇಳಿ.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಲೇಖನ ಆಗುತ್ತಿತ್ತು, ನಾಲ್ಕು ಜನ ಬೆನ್ನು ತಟ್ಟುತ್ತಿದ್ದರು. ಆದರೆ ನಮ್ಮ ಬೆನ್ನಿನ ಮೇಲೆ ಬೇರೊಂದು ಇದೆ.

ಕೇರಿಯಲ್ಲಿ ಡಿಗ್ರಿ ಮುಗಿಸಿದವರು ನಾವು ನಾಲ್ಕೈದು ಜನ. ಕೆಲಸ ಸಿಕ್ಕಿಲ್ಲ, ಆದರೆ ಕೈಯಲ್ಲಿ ಫೋನ್ ಇದೆ. ಪಿಂಚಣಿ ಯಾಕೆ ನಿಂತಿದೆ, ಆಧಾರಿಗೆ ಬ್ಯಾಂಕು ಜೋಡಣೆಯಾಗಿದೆಯೋ ಇಲ್ಲವೋ, ಮಗಳ ಸ್ಕಾಲರ್‌ಶಿಪ್ ಎಲ್ಲಿಗೆ ಬಂದಿದೆ, ಎಲ್ಲದಕ್ಕೂ ಜನ ಬರೋದು ನಮ್ಮ ಕಟ್ಟೆಗೆ. ಒಂದು ಸಂಜೆ ದಾವಣಗೆರೆಯಲ್ಲಿ ಕವಿಗೋಷ್ಠಿ ಇತ್ತು. ಬಸ್ಸಿಗೆ ಹೊತ್ತಾಗಿತ್ತು. ಒಬ್ಬ ಅಜ್ಜಿ ಬಂದಳು, ಮೂರು ತಿಂಗಳಿಂದ ಸಂಧ್ಯಾ ಸುರಕ್ಷಾ ಹಣ ಬಂದಿಲ್ಲ, ಒಂಚೂರು ನೋಡ್ರಪ್ಪ ಅಂತ. ನೋಡಬಹುದಿತ್ತು. ಹತ್ತು ನಿಮಿಷದ ಕೆಲಸ. ಫೋನಿನಲ್ಲಿ ಸಿಗ್ನಲ್ ತುಂಬಿ ನಿಂತಿತ್ತು.

'ಸರ್ವರ್ ಇಲ್ಲ ಅಜ್ಜಿ, ನಾಳೆ ಬಾ' ಅಂದೆವು.

ಎಷ್ಟು ಸಲೀಸಾಗಿ ಬಂತು ಆ ಮಾತು. ಬೇಡ ಅನ್ನಬೇಕಾಗಿರಲಿಲ್ಲ, ಹೊತ್ತಿಲ್ಲ ಅಂತ ಮುಖ ಸಣ್ಣ ಮಾಡಬೇಕಾಗಿರಲಿಲ್ಲ. ಅಜ್ಜಿ ಒಂದು ಮಾತೂ ಆಡದೆ ತಲೆ ಆಡಿಸಿ ಹೋದಳು. ಅಧಿಕಾರ ಅಂದರೆ ಏನು ಅಂತ ಪುಸ್ತಕಗಳಲ್ಲಿ ಓದಿದ್ದೆವು. ಆ ಸಂಜೆ ಅದರ ರುಚಿ ನಮ್ಮ ನಾಲಿಗೆಯ ಮೇಲೇ ಇತ್ತು. ಗೋಷ್ಠಿಯಲ್ಲಿ ಹಸಿವಿನ ಮೇಲೆ ಪದ್ಯ ಓದಿದೆವು. ಚಪ್ಪಾಳೆ ಬಿತ್ತು.

ಮರುದಿನ ಬೆಳಗ್ಗೆ ನಾವು ಹಲ್ಲುಜ್ಜುವ ಹೊತ್ತಿಗೇ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು.

'ಸರ್ವರು ಬಂದಾರೇನಪ್ಪ?' ಅಂದಳು. ಯಾರೋ ಸಾಹೇಬರನ್ನು ಕೇಳಿದ ಹಾಗೆ, ಬಹುವಚನದಲ್ಲಿ.

ಹೇಳದೆ ಇರಬಹುದಿತ್ತು. ಹೇಳಿದೆವು. ನಿನ್ನೆಯೂ ಸರ್ವರ್ ಇತ್ತಜ್ಜಿ, ಬಸ್ಸಿಗೆ ಹೊತ್ತಾಗಿತ್ತು ಅಂತ ಸುಳ್ಳು ಹೇಳಿದ್ವಿ ಅಂದೆವು. ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಶುರು ಮಾಡಿದಳು. ನಿಮ್ಮಪ್ಪ ನಿಮ್ಮವ್ವ ಮಣ್ಣು ಹೊತ್ತು ಓದಿಸಿದ್ದು ಇದಕ್ಕೇನ್ರೋ, ಮುದುಕಿ ಅಂತ ಆಟ ಆಡ್ತೀರೇನ್ರೋ, ನಿಮ್ಮ ನಾಲಿಗೆ ಸೇದಿಹೋಗ, ನಿಮ್ಮ ಪುಸ್ತಕ ಬೆಂಕಿಗೆ ಹೋಗ. ಮೂರು ಮನೆಯವರು ಹೊರಗೆ ಬಂದು ನಿಂತು ನೋಡಿದರು. ನಮ್ಮವ್ವನೂ ಬಂದಳು, ಏನೂ ಹೇಳದೆ ಒಳಗೆ ಹೋದಳು. ಏಳು ತಲೆಮಾರನ್ನೂ ಒಗೆದು ಹಿಂಡಿ ಆದಮೇಲೆ ಅಜ್ಜಿ ಉಸಿರು ಬಿಟ್ಟು ಪಕ್ಕದಲ್ಲೇ ಕೂತಳು. ಸೆರಗಿನ ಗಂಟು ಬಿಚ್ಚಿ ಮಡಚಿದ ಆಧಾರ್ ಕಾರ್ಡು ತೆಗೆದು ನಮ್ಮ ಕೈಗೆ ಕೊಟ್ಟಳು.

'ಹೂಂ, ನೋಡು ಈಗ' ಅಂದಳು.